ಕುರ್ಚಿಯಿಂದ ಇಳಿದ ರಾಜ

ಪಲುಪಿ ಬರೆದ ಚಿತ್ರಕಥೆಯಲ್ಲಿ ಅಪ್ಪ ಹೆಡ್‌ಮಾಸ್ಟರು. ಆ ಕಥೆ ಜಕಾರ್ತಾದ ಆಫೀಸು ಬಿಟ್ಟು ಕ್ಲಾತೆನ್ ಪಕ್ಕದ ಹಳ್ಳಿಗೆ ಬಂದು ಕ್ಯಾಮೆರಾದ ಮುಂದೆ ನಿಲ್ಲುವಷ್ಟರಲ್ಲಿ ಆ ಅಪ್ಪ ಸೈಕಲ್ ರಿಪೇರಿಯವನಾಗಿದ್ದ.

ಮಧ್ಯೆ ಕೆಲವು ದಿನ ತೊಗಲುಗೊಂಬೆ ಕೆತ್ತುವವನೂ ಆಗಿದ್ದ. ಹೆಡ್‌ಮಾಸ್ಟರನ್ನು ಕಂಡರೆ ಜನಕ್ಕೆ ಶಾಲೆ ನೆನಪಾಗುತ್ತದೆ, ಟಿಕೆಟ್ ಕೊಂಡು ಶಾಲೆಗೆ ಯಾರು ಬರುತ್ತಾರೆ ಎಂಬುದು ನಿರ್ಮಾಪಕ ಕೋ ಯೋಹನ್‌ನ ವಾದ. ತೊಗಲುಗೊಂಬೆಯಾದರೆ ನೋಡಲು ಚೆಂದ, ಹೊರದೇಶದ ಚಿತ್ರೋತ್ಸವದವರಿಗೂ ಹಿಡಿಸುತ್ತದೆ. ಪಲುಪಿ ಹೂಂ ಎಂದು ಬರೆದುಕೊಟ್ಟಳು. ಅಷ್ಟರಲ್ಲಿ ಅಪ್ಪನ ಪಾತ್ರಕ್ಕೆ ಗೊತ್ತುಮಾಡಿದ್ದ ದೊಡ್ಡ ನಟನಿಗೆ ಮಲೇಷ್ಯಾದ ಧಾರಾವಾಹಿಯೊಂದು ಸಿಕ್ಕಿ, ಅವನು ಬಹಳ ವಿನಯದಿಂದ ಕೈಕೊಟ್ಟ. ಅವನ ಜಾಗಕ್ಕೆ ಬಂದವರು ಮರ್ಸುದಿ, ಹಿರಿಯರಾದ್ದರಿಂದ ಎಲ್ಲರಿಗೂ ಪಕ್, ಅಂದರೆ ಅಪ್ಪ, ಮರ್ಸುದಿ. ಕೆತೊಪ್ರಾಕ್ ನಾಟಕದ ಮೇಳದಲ್ಲಿ ಜೀವಮಾನವಿಡೀ ರಾಜನ ಪಾತ್ರ ಮಾಡಿದ ಮುದುಕರು. ಉಳಿ ಹಿಡಿದರೆ ಅವರ ಕೈ ನಡುಗುತ್ತಿತ್ತು. ಸ್ಪ್ಯಾನರ್ ಹಿಡಿದರೆ ನಡುಗುತ್ತಿರಲಿಲ್ಲ, ಏಕೆಂದರೆ ಆಟವಿಲ್ಲದ ತಿಂಗಳುಗಳಲ್ಲಿ ಈ ರಾಜರು ಸಂತೆಯ ಪಕ್ಕ ಕೂತು ಪಂಕ್ಚರ್ ಹಾಕುತ್ತಿದ್ದರು. ಪಲುಪಿ ಮತ್ತೆ ಹೂಂ ಅಂದಳು. ಕಥೆಯ ಹೆಡ್‌ಮಾಸ್ಟರು ಕನ್ನಡಕ ತೆಗೆದಿಟ್ಟು ಟ್ಯೂಬಿಗೆ ಗಾಳಿ ಹೊಡೆಯತೊಡಗಿದ.

ಮಳೆಯದೂ ಇದೇ ಕತೆ. ಅವಳು ಬರೆದಂತೆ ಮಗಳು ಊರಿಗೆ ಹಿಂತಿರುಗುವುದು ಸುರಿಯುವ ಮಳೆಯಲ್ಲಿ. ಆದರೆ ಕೋ ಯೋಹನ್, ಉಳಿದೆಲ್ಲ ನಿರ್ಮಾಪಕರಂತೆ, ಮಳೆ ತಡೆಯುವವನೊಬ್ಬನನ್ನು ಮೊದಲೇ ಗೊತ್ತುಮಾಡಿದ್ದ. ಆತ ಕಡ್ಡಿಪೊರಕೆಯನ್ನು ತಲೆಕೆಳಗಾಗಿ ನೆಟ್ಟು, ಕಡ್ಡಿಗಳ ತುದಿಗೆ ಮೆಣಸಿನಕಾಯಿ ಈರುಳ್ಳಿ ಚುಚ್ಚಿ, ಪಕ್ಕದಲ್ಲಿ ಲವಂಗದ ಸಿಗರೇಟು ಸೇದುತ್ತ ಕೂತರೆ ಮೋಡಗಳು ಮೆರಾಪಿ ಬೆಟ್ಟದಾಚೆಗೇ ನಿಲ್ಲುತ್ತಿದ್ದವು. ಮಳೆಯ ದೃಶ್ಯದ ದಿನ ಅವನಿಗೆ ರಜೆ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಗಳು ಬಿಸಿಲಲ್ಲೇ ಬಂದಳು. ಕೊಡೆ ಆಗಲೇ ಕೊಂಡಾಗಿತ್ತಾದ್ದರಿಂದ ಅದನ್ನು ಹಿಡಿದುಕೊಂಡೇ ಬಂದಳು.

ನಿರ್ದೇಶಕ ರೋಂಗುರ್ ಸಿತೋರುಸ್ ಕೆಟ್ಟವನೇನಲ್ಲ. ಸುಮಾತ್ರಾದ ಬಾತಕ್ ಮನುಷ್ಯ, ದೊಡ್ಡ ದನಿ, ದೊಡ್ಡ ನಗು, ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲು ಒಂದು ಗಳಿಗೆ ಸಾಕು. ತೊಂದರೆ ಇದ್ದದ್ದು ಹೂಂ ಅನ್ನುವುದರಲ್ಲಿ. ಜಾವಾದ ಹೆಂಗಸು ಹೂಂ ಅಂದರೆ ನೀವು ಹೇಳಿದ್ದು ಕೇಳಿಸಿತು ಎಂದಷ್ಟೇ ಅರ್ಥ. ಬಾತಕ್ ಜನಕ್ಕೆ ಹೂಂ ಅಂದರೆ ಹೂಂ. ಹಾಗಾಗಿ ಪಲುಪಿಯಷ್ಟು ಒಳ್ಳೆಯ ಬರಹಗಾರ್ತಿಯನ್ನು ತಾನು ಕಂಡೇ ಇಲ್ಲ, ಏನು ಹೇಳಿದರೂ ಒಪ್ಪುತ್ತಾಳೆ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದ.

ಒಂದನ್ನು ಮಾತ್ರ ಅವಳು ಬಿಟ್ಟುಕೊಟ್ಟಿರಲಿಲ್ಲ. ಅದು ಹಬ್ಬದ ದೃಶ್ಯ. ಅವಳ ಒಪ್ಪಿಗೆಯಿಲ್ಲದೆ ಅದರ ಒಂದು ಮಾತೂ ಬದಲಾಗಕೂಡದೆಂದು ಕರಾರಿನಲ್ಲೇ ಬರೆಸಿಕೊಂಡಿದ್ದಳು. ಬರಹಗಾರರು ಇಂಥದ್ದನ್ನು ಕೇಳುವುದುಂಟೆಂದು ಕೋ ಯೋಹನ್‌ನ ವಕೀಲನಿಗೆ ಅವತ್ತೇ ತಿಳಿದದ್ದು. ನಕ್ಕು ಸೇರಿಸಿಕೊಟ್ಟ.

ಯಾಕೆ ಅಷ್ಟು ಹಟ ಎಂದು ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ರಂಜಾನ್ ಉಪವಾಸದ ತಿಂಗಳು ಕಳೆದು ಲೆಬಾರಾನ್ ಹಬ್ಬ ಬಂದಾಗ ಮನೆಯ ಕಿರಿಯರೆಲ್ಲ ಹಿರಿಯರ ಮುಂದೆ ಮಂಡಿಯೂರಿ, ಅವರ ಮೊಣಕಾಲಿಗೆ ಹಣೆಯಿಟ್ಟು, ವರ್ಷದ ತಪ್ಪನ್ನೆಲ್ಲ ಕ್ಷಮಿಸಿ ಎಂದು ಬೇಡುತ್ತಾರೆ. ಸುಂಕೆಮ್ ಎಂದು ಅದಕ್ಕೆ ಹೆಸರು. ಹಿರಿಯರು ಕುರ್ಚಿಯಲ್ಲಿ, ಕಿರಿಯರು ನೆಲದಲ್ಲಿ. ಹಿರಿಯರು ತಲೆ ಸವರಿದರೆ ಲೆಕ್ಕ ಚುಕ್ತಾ. ಶಿಕ್ಷಕಿಯ ತರಬೇತಿ ಅರ್ಧಕ್ಕೆ ಬಿಟ್ಟು ಟೀವಿಗೆ ಕಥೆ ಬರೆಯಲು ಜಕಾರ್ತಾಕ್ಕೆ ಓಡಿದ್ದ ಪಲುಪಿ, ಒಂದು ಹಬ್ಬಕ್ಕೆ ಮುಂತಿಲಾನ್‌ನ ಮನೆಗೆ ಹೋಗಿ ಅಪ್ಪನ ಮುಂದೆ ಮಂಡಿಯೂರಿದಳು. ಹೆಡ್‌ಮಾಸ್ಟರು ಎಲ್ಲ ನೆಂಟರ ಎದುರಿಗೆ ಮೊಣಕಾಲನ್ನು ಪಕ್ಕಕ್ಕೆ ಎಳೆದುಕೊಂಡರು. ಅವಳ ಹಣೆ ಬೆತ್ತದ ಕುರ್ಚಿಯ ಅಂಚಿಗೆ ತಾಗಿತು. ಮುಂದಿನ ಹಬ್ಬಕ್ಕೆ ಅವಳು ಹೋಗಲಿಲ್ಲ. ಅದರ ಮುಂದಿನ ಹಬ್ಬಕ್ಕೆ ಅವರೇ ಇರಲಿಲ್ಲ.

ಈಗ ಅವಳಿಗೆ ಆಗಿನ ಅಪ್ಪನ ವಯಸ್ಸು. ಚಿತ್ರಕಥೆಯಲ್ಲಿ ಅವಳು ಮಾಡಿದ್ದು ಇಷ್ಟೇ: ಮಗಳು ಮಂಡಿಯೂರುತ್ತಾಳೆ, ಅಪ್ಪ ಮೊಣಕಾಲು ಎಳೆದುಕೊಳ್ಳುವುದಿಲ್ಲ. ಕುರ್ಚಿಯಲ್ಲಿ ಕೂತು, ಮಗಳ ಕಣ್ಣನ್ನೇ ನೋಡುತ್ತ, ತಪ್ಪು ನಿನ್ನದಲ್ಲ ನನ್ನದು ಎಂದು ಶುರುಮಾಡಿ ಪೂರಾ ಒಂದು ಪುಟ ಕ್ಷಮೆ ಕೇಳುತ್ತಾನೆ. ಅಪ್ಪನಾದವನು ಏನೇನು ಹೇಳಬೇಕಿತ್ತೋ ಅದೆಲ್ಲ ಆ ಪುಟದಲ್ಲಿತ್ತು. ಅಲ್ಪವಿರಾಮ ಕೂಡ ತಪ್ಪದ ಹಾಗೆ ಇತ್ತು. ಉಳಿದ ಸಿನಿಮಾ ಸೈಕಲ್ ಅಂಗಡಿಯಾಗಲಿ, ಬಿಸಿಲಾಗಲಿ, ಈ ಒಂದು ಪುಟ ಯಾರ ಬಾಯಿಂದಲಾದರೂ ಬಂದು ತನ್ನ ಕಿವಿಗೆ ಬಿದ್ದರೆ ಸಾಕಿತ್ತು ಅವಳಿಗೆ.

ಆ ಪುಟವನ್ನು ಮರ್ಸುದಿಯವರ ಕೈಗೆ ಕೊಟ್ಟಾಗ ಅವರು ಅದನ್ನು ಮರ್ಯಾದೆಯಿಂದ ಮಡಚಿ ತಮ್ಮ ಕಪ್ಪು ಟೋಪಿಯೊಳಗೆ ಇಟ್ಟುಕೊಂಡರು.

"ಓದಲ್ವಾ, ಪಕ್?" ಎಂದು ಕೇಳಿದಳು.

"ಅಲ್ಲೇ ಇರ್ಲಿ ಬು. ತಾನಾಗೇ ತಲೇಗಿಳಿಯುತ್ತೆ." ಬು ಅಂದರೆ ಅಮ್ಮಾ ಎಂದ ಹಾಗೆ.

ಕೆತೊಪ್ರಾಕ್‌ನವರಿಗೆ ಬರೆದ ಮಾತು ಅಂತ ಒಂದು ಇರುವುದೇ ಇಲ್ಲ. ಪರದೆ ಏಳುವ ಮುಂಚೆ ಮೇಳದ ಯಜಮಾನ ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ನಿನಗೆ ಸಿಟ್ಟು ಬಂದಿದೆ, ಇವಳು ಅಳುತ್ತಾಳೆ, ನೀನು ಮಂತ್ರಿಯನ್ನು ಯುದ್ಧಕ್ಕೆ ಕಳಿಸು ಎಂದಿಷ್ಟು ಹೇಳುತ್ತಾನೆ. ಉಳಿದದ್ದು ರಂಗದ ಮೇಲೆ ಹುಟ್ಟಬೇಕು. ಹುಟ್ಟುವುದು ತಡವಾದರೆ ಗಮೆಲಾನ್ ಬಾರಿಸುವವರು ಸುಧಾರಿಸಿಕೊಳ್ಳುತ್ತಾರೆ. ಇಂಥವರ ಬಾಯಲ್ಲಿ ಅಲ್ಪವಿರಾಮ ಹುಡುಕುವುದೆಂದರೆ ಹೊಳೆಯ ನೀರಿಗೆ ಗೆರೆ ಎಳೆದ ಹಾಗೆ.

ಹಬ್ಬದ ದೃಶ್ಯವನ್ನು ಹಬ್ಬಕ್ಕೆ ಎಷ್ಟೋ ತಿಂಗಳ ಮುಂಚೆಯೇ ತೆಗೆಯಬೇಕಾಗಿತ್ತು. ಹಳ್ಳಿಯ ಹೆಂಗಸರು ಬೆಳಗ್ಗೆಯೇ ತೆಂಗಿನಗರಿಯ ಪೊಟ್ಟಣಗಳಲ್ಲಿ ಅಕ್ಕಿ ತುಂಬಿ ಕೆತುಪಾತ್ ಬೇಯಿಸಿದ್ದರು, ಕೋಳಿ ತೆಂಗಿನಹಾಲಿನಲ್ಲಿ ಕುದಿಯುತ್ತಿತ್ತು. ನೆಂಟರ ಪಾತ್ರಕ್ಕೆ ಕರೆಸಿದ್ದ ಅಕ್ಕಪಕ್ಕದ ಮನೆಯವರು ಪೆಟ್ಟಿಗೆಯ ತಳದಿಂದ ಹಬ್ಬದ ಬಟ್ಟೆ ತೆಗೆದು, ಅತ್ತರು ಹಾಕಿಕೊಂಡು ಬಂದಿದ್ದರು. ಅವರು ಹಿಂದೆ ಕೂತು ಒಬ್ಬರಿಗೊಬ್ಬರು ಕ್ಷಮೆ ಕೇಳುವಂತೆ ನಟಿಸಬೇಕು, ಸದ್ದು ಮಾಡಬಾರದು ಎಂದು ರೋಂಗುರ್ ತಿಳಿಸಿ ಹೇಳಿದ. ಕೈಗೆ ಕೈ ತಾಗುತ್ತಲೇ ಅವರಿಗೆ ನಟನೆ ಮರೆತುಹೋಯಿತು. ಬೇಲಿಯ ವಿಷಯಕ್ಕೆ ಮಾತು ಬಿಟ್ಟಿದ್ದ ಇಬ್ಬರು ವಾರಗಿತ್ತಿಯರು ಒಬ್ಬರ ಭುಜದ ಮೇಲೊಬ್ಬರು ಬಿದ್ದು ಗೊಳೋ ಎಂದರು. ಮುಖ್ಯ ಪಾತ್ರದವರ ಮಾತೇ ಕೇಳಿಸದಂತಾಯಿತು. ಮತ್ತೆ ತೆಗೆದರು, ಮತ್ತೆ ಅತ್ತರು. ಊಟದ ಹೊತ್ತಿಗೆ ಊರಲ್ಲಿ ಕ್ಷಮಿಸಲು ಒಂದು ತಪ್ಪೂ ಬಾಕಿ ಉಳಿಯದೆ, ಎಲ್ಲರೂ ತಣ್ಣಗೆ, ರೋಂಗುರ್‌ಗೆ ಬೇಕಾದಂತೆ, ಸದ್ದಿಲ್ಲದೆ ನಟಿಸತೊಡಗಿದರು.

ಇನ್ನು ಉಳಿದವರು ರಾಜರು. ಮೊದಲ ಸಲ ಅವರು ಕ್ಷಮೆ ಕೇಳುವ ಬದಲು ಮಗಳಿಗೆ ಕ್ಷಮೆ ದಯಪಾಲಿಸಿದರು. ಎರಡನೆಯ ಸಲ ಪುಟದ ಅರ್ಧ ಸರಿಯಾಗಿ ಬಂದು, ಮಧ್ಯದಲ್ಲೆಲ್ಲೋ ಒಂದು ರಾಜ್ಯ ಸೇರಿಕೊಂಡಿತು. ಮಗಳ ಪಾತ್ರದ ತಾಲಿತಾ, ಜಕಾರ್ತಾದ ದೊಡ್ಡ ತಾರೆ, ಅವರ ಕಾಲಿನ ಬಳಿ ಮಂಡಿಯೂರಿ ಕೂತು ಕೂತು ಕಾಲು ಜೋಮು ಹಿಡಿದರೂ ದೂರಲಿಲ್ಲ. ತೊಂದರೆ ಕೊಟ್ಟವನು ಕ್ಯಾಮೆರಾದ ಹುಡುಗ ಜಾರ್ವೊ. ಮುದುಕರು ಒಂದೊಂದು ಸಲ ಒಂದೊಂದು ಕಡೆ ವಾಲುತ್ತಿದ್ದರು, ಅವನು ಅವರ ಹಿಂದೆಯೇ ಕ್ಯಾಮೆರಾ ತಿರುಗಿಸುತ್ತಿದ್ದ, ಚೌಕಟ್ಟು ಕೆಡುತ್ತಿತ್ತು. ರೋಂಗುರ್ ತಾಳ್ಮೆ ಕಳೆದುಕೊಂಡ.

"ಜಾರ್ವೊ, ಆ ಕುರ್ಚಿ ಕಾಣ್ತಾ ಇದೆಯಾ? ಅದೇ ನಿನ್ನ ಪ್ರಪಂಚ. ಮನೆಗೆ ಬೆಂಕಿ ಬಿದ್ರೂ ಕ್ಯಾಮೆರಾ ಅಲ್ಲಾಡಕೂಡದು. ತಿಳೀತಾ?"

"ತಿಳೀತು, ಬಾಂಗ್," ಎಂದ ಜಾರ್ವೊ, ಅಣ್ಣಾ ಎನ್ನುವ ಹಾಗೆ.

ಪಲುಪಿ ಅಂಗಳದ ಡೇರೆಯಲ್ಲಿ ಪುಟ್ಟ ಪರದೆಯ ಮುಂದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಳು. ಈ ಸಲ ಮರ್ಸುದಿ ಟೋಪಿಯೊಳಗಿನ ಹಾಳೆ ತೆಗೆದು ನಿಜಕ್ಕೂ ಓದಿದ್ದರು, ಅದನ್ನು ಅವಳೇ ಕಣ್ಣಾರೆ ಕಂಡಿದ್ದಳು.

ತಾಲಿತಾ ಬಂದಳು, ಮಂಡಿಯೂರಿದಳು, ಮುದುಕರ ಮೊಣಕಾಲಿಗೆ ಹಣೆಯಿಟ್ಟಳು. ಮರ್ಸುದಿಯವರ ಬಾಯಿ ತೆರೆಯಿತು. ಮಾತು ಬರಲಿಲ್ಲ. ಅವರು ಬಗ್ಗಿ ಅವಳ ತಲೆ ಮುಟ್ಟಲು ನೋಡಿದರು, ಸೊಂಟ ಬಗ್ಗಲಿಲ್ಲ, ಕೈ ಅರ್ಧದಲ್ಲೇ ನಿಂತಿತು. ಆಮೇಲೆ ಕುರ್ಚಿಯ ಎರಡೂ ಕೈ ಹಿಡಿದುಕೊಂಡು, ಏನೋ ಕೆಳಗೆ ಬಿದ್ದದ್ದನ್ನು ಹುಡುಕಲು ಹೊರಟವರಂತೆ, ಮೆಲ್ಲಗೆ ಜಾರುತ್ತ ಜಾರುತ್ತ ಚೌಕಟ್ಟಿನಿಂದ ಕೆಳಗಿಳಿದು ಕಾಣೆಯಾದರು.

ಕ್ಯಾಮೆರಾ ಅಲ್ಲಾಡಲಿಲ್ಲ. ಪರದೆಯ ಮೇಲೆ, ಹಿಂದಿನ ನೆಂಟರ ಮುಂದೆ, ಉಳಿದದ್ದು ಬೆತ್ತದ ಕುರ್ಚಿ. ಕೂತೆದ್ದವರ ಭಾರಕ್ಕೆ ತಗ್ಗಿದ್ದ ಅದರ ಹೆಣಿಗೆ ಕಿರ್ರೆನ್ನುತ್ತ ಮೆಲ್ಲಗೆ ಮೇಲೆದ್ದಿತು.

ಹೆಡ್‌ಫೋನಿನಲ್ಲಿ ಮಂಡಿಯೊಂದು ಲಟಕ್ಕೆಂದಿತು. ಚಾಪೆ ಸರಿದ ಸದ್ದು. ಆಮೇಲೆ ಮರ್ಸುದಿಯವರ ದನಿ. ರಾಜನದಲ್ಲ, ಸಂತೆಯ ಪಕ್ಕ ಪಂಕ್ಚರ್ ಹಾಕುವ ಮುದುಕನದು.

"ಸ್ವಲ್ಪ ಸರಿ ಮಗಾ. ಜಾಗ ಬಿಡು."

ಆಮೇಲೆ ತಾಲಿತಾ ನಕ್ಕಳು, ಆ ನಗು ಎಲ್ಲಿ ಅಳುವಾಯಿತೆಂದು ಗೊತ್ತಾಗಲಿಲ್ಲ. ಹಿಂದೆ ಕೂತಿದ್ದ ನೆಂಟರು ನಟಿಸುವುದನ್ನು ನಿಲ್ಲಿಸಿ ಕುರ್ಚಿಯ ಕೆಳಗಡೆಗೇ ನೋಡುತ್ತಿದ್ದರು. ಆ ಊರಿನಲ್ಲಿ ಹಬ್ಬದ ದಿನ ಮಗಳಿಗಾಗಿ ಕುರ್ಚಿ ಬಿಟ್ಟು ಚಾಪೆಗೆ ಇಳಿದ ಅಪ್ಪನನ್ನು ಅವರು ಕಂಡಿರಲಿಲ್ಲ. ತಲೆಗೆ ಬಿಳಿ ವಸ್ತ್ರ ಹೊದ್ದ ಮುದುಕಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ರೋಂಗುರ್ ಕಟ್ ಹೇಳಲು ಮರೆತಿದ್ದ.

ಹೇಳಿದ ಮೇಲೆ ಗದ್ದಲವೋ ಗದ್ದಲ. ಜಾರ್ವೊ, ನಿರ್ದೇಶಕರು ಹೇಳಿದ ಹಾಗೇ ಮಾಡಿದ್ದೇನೆಂದು ಮೊದಲೇ ಸಾರಿಬಿಟ್ಟ. ತಾಲಿತಾ ಮೂಗೊರೆಸಿಕೊಳ್ಳುತ್ತ, ತನ್ನ ಮುಖದ ಅಷ್ಟೊಂದು ಒಳ್ಳೆಯ ಕೆಲಸ ಯಾವ ಕಣ್ಣಿಗೂ ಬೀಳಲಿಲ್ಲವಲ್ಲ, ಇನ್ನೊಮ್ಮೆ ತೆಗೆಯಿರಿ ಎಂದಳು. ಸುದ್ದಿ ಅದು ಹೇಗೋ ಆಗಲೇ ಜಕಾರ್ತಾಕ್ಕೆ ಮುಟ್ಟಿ, ಕೋ ಯೋಹನ್ ಫೋನಿನಲ್ಲಿದ್ದ. ಟ್ರೇಲರಿಗೆ ಕ್ಷಮಿಸು ಮಗಳೇ ಎಂಬ ಮಾತು ಬೇಕೇ ಬೇಕು, ಖಾಲಿ ಕುರ್ಚಿ ತೋರಿಸಲು ತಾನೇನು ಫರ್ನಿಚರ್ ಅಂಗಡಿಯ ಜಾಹೀರಾತು ಮಾಡುತ್ತಿದ್ದೇನೆಯೇ ಎಂಬುದು ಅವನ ಪ್ರಶ್ನೆ. ಎಲ್ಲರಿಗಿಂತ ಹೆಚ್ಚು ನೊಂದವರು ಮರ್ಸುದಿ. ಇಳಿದ ಮೇಲೆ ಏಳಲಾಗದೆ ಚಾಪೆಯ ಮೇಲೆಯೇ ಕೂತಿದ್ದ ಅವರು, ತಾವು ಕೆಳಗೆ ಕೂತು ಎಂಥ ಅಳು ಅತ್ತೆವೆಂದು ಹೋಗಿ ಬರುವವರಿಗೆಲ್ಲ ವಿವರಿಸುತ್ತಿದ್ದರು. ರಾಜ ಇಳಿದರೆ ದೀಪ ಹಿಡಿಯುವವನೂ ಇಳಿಯಬೇಕು, ಯಾವ ಮೇಳದಲ್ಲಾದರೂ ಅದೇ ಪದ್ಧತಿ ಎಂದರು.

ರೋಂಗುರ್ ಡೇರೆಯೊಳಗೆ ಬಂದ. ಅವನ ದೊಡ್ಡ ದನಿ ಎಲ್ಲೋ ಹೋಗಿತ್ತು.

"ಬು, ನಂಗೇನೋ ಇದು ಹಿಡಿಸ್ತು. ಯಾಕೆ ಅಂತ ಕೇಳ್ಬೇಡಿ. ಆದ್ರೆ ನಿಮ್ ಪುಟದ ಒಂದಕ್ಷರಾನೂ ಇದ್ರಲ್ಲಿಲ್ಲ. ಕರಾರು ಕರಾರೇ. ನೀವು ಬೇಡ ಅಂದ್ರೆ ಈಗ್ಲೇ ಇನ್ನೊಂದ್ಸಲ ತೆಗೀತೀನಿ, ಬೆಳಕು ಇನ್ನೂ ಇದೆ. ಆದ್ರೆ ದಯವಿಟ್ಟು ಹೂಂ ಅನ್ಬೇಡಿ. ಹೌದು ಅನ್ನಿ, ಇಲ್ಲ ಅನ್ನಿ."

ನಿಮ್ಮ ಹೂಂ ಏನೆಂದು ತನಗೆ ಈಚೆಗೆ ತಾಲಿತಾ ಹೇಳಿಕೊಟ್ಟಳು ಎಂದೂ ಸೇರಿಸಿದ.

ಪಲುಪಿ ಆ ತುಂಡನ್ನು ಇನ್ನೊಮ್ಮೆ ತೋರಿಸಲು ಹೇಳಿದಳು. ಸಿಟ್ಟು ಬರಬೇಕಿತ್ತು. ಬರುತ್ತದೆಂದು ಕಾದಳು ಕೂಡ. ಮುಂತಿಲಾನ್‌ನ ಆ ಬೆಳಗ್ಗೆಯಿಂದ ತಿದ್ದಿ ತಿದ್ದಿ ಬರೆದ ಪುಟ, ಸೈಕಲ್ಲು ಬಿಸಿಲು ಎಲ್ಲವನ್ನೂ ಕೊಟ್ಟು ಉಳಿಸಿಕೊಂಡ ಪುಟ, ಹಾರಿಹೋಗಿತ್ತು. ಪರದೆಯ ಮೇಲೆ ಕುರ್ಚಿ ಮತ್ತೆ ಖಾಲಿಯಾಯಿತು. ಅವಳು ಅದನ್ನೇ ನೋಡಿದಳು.

ಆ ಪುಟದಲ್ಲಿ ಅಪ್ಪ ಆಡುವ ಒಂದು ಮಾತನ್ನಾದರೂ ಅವಳ ಅಪ್ಪ ಬದುಕಿದ್ದಾಗ ಆಡಿದ್ದರೇ? ಅಂಥ ವಾಕ್ಯಗಳನ್ನು ಆಡುವವಳು ಅವಳು. ಇಷ್ಟು ವರ್ಷ ಅಪ್ಪನ ಬಾಯಿಂದ ಕ್ಷಮೆ ಕೇಳಿಸುತ್ತಿದ್ದವಳೂ ಅವಳು, ಅದನ್ನು ಕಿವಿಗೊಟ್ಟು ಆಲಿಸುತ್ತಿದ್ದವಳೂ ಅವಳು. ಹೆಡ್‌ಮಾಸ್ಟರು ಪಾಪ, ಮಧ್ಯೆ ಸುಮ್ಮನೆ ಕೂತಿದ್ದರು. ಅವರು ಎಂದಾದರೂ ಇಳಿದಿದ್ದರೆ ಹೀಗೆಯೇ ಇಳಿಯುತ್ತಿದ್ದರು. ಒಂದು ಮಾತೂ ಇಲ್ಲದೆ, ನೆಂಟರ ಕಣ್ಣಿಗೆ ಬೀಳದ ಕಡೆ, ಗೊಣಗುತ್ತ, ಜಾಗ ಬಿಡು ಎಂದು ಮಗಳನ್ನೇ ಗದರುತ್ತ. ಅದನ್ನು ಬರೆಯಲು ಅವಳಿಗೆ ಬಂದಿರಲಿಲ್ಲ. ಬಂದಿದ್ದರೂ ಕುರ್ಚಿಯನ್ನು ಖಾಲಿ ಬಿಡುವ ಧೈರ್ಯ ಇರುತ್ತಿರಲಿಲ್ಲ. ಒಬ್ಬ ಮುದುಕನ ಸೊಂಟನೋವು, ಒಬ್ಬ ಹುಡುಗನ ಹೆದರಿಕೆ, ಒಬ್ಬ ಬಾತಕ್‌ನ ಬೈಗುಳ, ಇವು ಮೂರೂ ಒಂದೇ ಮಧ್ಯಾಹ್ನ ಕೂಡಿಬಂದು ಅವಳಿಗಾಗಿ ಬರೆದುಕೊಟ್ಟಿದ್ದವು. ಇದಕ್ಕೆಲ್ಲ ಯಾರಿಗೆ ಕೃತಜ್ಞತೆ ಹೇಳಬೇಕೆಂದೇ ತಿಳಿಯಲಿಲ್ಲ. ಮಳೆ ತಡೆಯುವವನನ್ನೂ ಸೇರಿಸಿಕೊಳ್ಳೋಣ ಅನ್ನಿಸಿತು.

"ಹೌದು ಬಾಂಗ್. ಇದೇ ಇರ್ಲಿ."

"ಇನ್ನೊಂದು ತೆಗೆದಿಟ್ಕೊಂಡ್ರೆ? ಸುಮ್ನೆ, ಇರ್ಲಿ ಅಂತ?"

"ಬೇಡ. ಇದ್ರೆ ಕೋ ಯೋಹನ್ ಅದನ್ನೇ ಹಾಕಿಸ್ತಾನೆ."

ಫೋನ್ ತಾನೇ ಇಸಿದುಕೊಂಡಳು. ಬರಹಗಾರ್ತಿ ತಾನು ಬರೆದ ಮಾತು ಉಳಿಸಿಕೊಳ್ಳಲು ಜಗಳವಾಡುವುದನ್ನು ಕೋ ಯೋಹನ್ ಕಂಡಿದ್ದ. ಮಾತು ಬಿಡಲು ಜಗಳವಾಡುವವಳನ್ನು ಕಂಡಿರಲಿಲ್ಲ. ಅವನು ಬಹಳ ಹೊತ್ತು ವಾದಿಸಿದ. ಅವಳು ಹೂಂ ಅನ್ನದೆ, ಆಗಲ್ಲ ಕೋ ಅನ್ನುತ್ತಲೇ ಇದ್ದಳು. ಕರಾರು ಬರೆಸಿಕೊಂಡದ್ದು ನಿಮ್ಮ ಪುಟ ಕಾಪಾಡಲೋ ಕಳೆಯಲೋ ಎಂದು ಕೊನೆಗೆ ಅವನು ಕೇಳಿದ. ಅದು ತನಗೂ ಈಗಷ್ಟೇ ಗೊತ್ತಾಯಿತೆಂದಳು. ಟ್ರೇಲರಿಗೆ ಬೇರೆ ಏನಾದರೂ ಬರೆದುಕೊಡುವುದಾಗಿ ಒಪ್ಪಿದ ಮೇಲೆ ಅವನು ಫೋನ್ ಇಟ್ಟ.

ಒಳಗೆ ಹೋದರೆ ಮರ್ಸುದಿ ಇನ್ನೂ ಚಾಪೆಯ ಮೇಲೆಯೇ. ಯಾರೋ ಅವರ ಮುಂದೆ ಕೆತುಪಾತ್, ಕೋಳಿ ಸಾರು ಇಟ್ಟುಹೋಗಿದ್ದರು. ಕೋಪವಿದ್ದರೂ ಹಸಿವು ಬೇರೆ ವಿಷಯವಾದ್ದರಿಂದ ತಿನ್ನುತ್ತಿದ್ದರು. ಪಲುಪಿ ಅವರೆದುರು ಚಾಪೆಯ ಮೇಲೆ ಕೂತಳು.

"ಮತ್ತೆ ತೆಗೀತಾರಂತಾ?"

"ಇಲ್ಲ ಪಕ್."

ಅವರು ತಟ್ಟೆ ಕೆಳಗಿಟ್ಟರು. ಇಷ್ಟು ವರ್ಷ ರಾಜನಾಗಿದ್ದೂ ತಾವು ರಂಗದ ಮೇಲೆ ಎಂದೂ ಸಿಂಹಾಸನ ಬಿಟ್ಟು ನೆಲಕ್ಕೆ ಇಳಿದವರಲ್ಲ, ಇವತ್ತು ಇಳಿದರೆ ನೋಡಲು ಒಂದು ನರಪಿಳ್ಳೆಯೂ ಇಲ್ಲ, ಇಂಥ ಸಿನಿಮಾದಲ್ಲಿ ಸತ್ತರೂ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಮಾತು ಮರೆತುಹೋದದ್ದು ನಿಜ. ಮೊದಲ ಸಾಲು ತುದಿನಾಲಿಗೆಯಲ್ಲಿತ್ತು, ಅಷ್ಟರಲ್ಲಿ ಆ ಹುಡುಗಿ ಮೊಣಕಾಲ ಮೇಲೆ ನಿಜವಾಗಿಯೇ ಬಿಕ್ಕಿದಳು, ಸಾಲು ಬಿದ್ದುಹೋಯಿತು. ತಲೆ ಸವರೋಣವೆಂದರೆ ಕೈ ಎಟುಕಲಿಲ್ಲ. ಬಗ್ಗುವುದಕ್ಕಿಂತ ಪೂರಾ ಇಳಿಯುವುದೇ ಸುಲಭವಾಗಿತ್ತು, ಅಷ್ಟೇ.

ಪಲುಪಿ ಅವರ ತಟ್ಟೆಗೆ ಸಾರು ಬಡಿಸಿದಳು. ಆಮೇಲೆ, ಯಾರಿಗೂ ಹೇಳದೆ ಇದ್ದದ್ದನ್ನು, ಸಾರಿನ ಪಾತ್ರೆಯನ್ನು ನೋಡುತ್ತಲೇ ಹೇಳಿದಳು.

"ನಮ್ಮಪ್ಪ ಇಳೀಲಿಲ್ಲ ಪಕ್. ನಾನು ಹಣೆ ಇಡೋಕೆ ಹೋದಾಗ ಕಾಲು ಎಳ್ಕೊಂಡ್ರು. ಆಮೇಲೆ ಹೋಗ್ಬಿಟ್ರು. ಇವತ್ತು ನೀವು ಇಳಿದ್ರಿ. ನಂಗೆ ಇದಕ್ಕಿಂತ ಹೆಚ್ಚು ಏನೂ ಬೇಡ."

ಮರ್ಸುದಿ ಅಗಿಯುವುದನ್ನು ನಿಲ್ಲಿಸಿದರು. ಟೋಪಿ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡರು. ರಾಜರ ಭಂಡಾರದಲ್ಲಿ ಇಂಥ ಹೊತ್ತಿಗೆ ಬೇಕಾದ ಮಾತುಗಳು ಬೇಕಾದಷ್ಟಿದ್ದವು, ಆದರೆ ಅವರು ಅವುಗಳ ಕಡೆ ಹೋಗಲಿಲ್ಲ.

"ಮೊದ್ಲೇ ಹೇಳ್ಬಾರದಿತ್ತಾ ಮಗಳೇ?" ಎಂದರು. "ಬೆಳಗ್ಗೆನೇ ಇಳೀತಿದ್ದೆ. ಆ ಹುಡುಗಿ ಕಾಲಾದ್ರೂ ಉಳೀತಿತ್ತು."

ಪಲುಪಿ ನಕ್ಕಳು. ಕಣ್ಣು ಒರೆಸಿಕೊಳ್ಳಲು ಎಡಗೈಯ ಬೆನ್ನು ಬಳಸಬೇಕಾಯಿತು, ಬಲಗೈಗೆ ಸಾರು ಮೆತ್ತಿತ್ತು. ಮರ್ಸುದಿ ಅದನ್ನು ನೋಡದವರಂತೆ ಕೋಳಿಯ ಮೂಳೆಯೊಂದನ್ನು ಬಹಳ ಶ್ರದ್ಧೆಯಿಂದ ಚೀಪಿ ಮುಗಿಸಿದರು. ಹೊರಗೆ ಇಬ್ಬರು ವಾರಗಿತ್ತಿಯರು ಪಾತ್ರೆ ತೊಳೆಯುತ್ತ, ಬೇಲಿಯನ್ನು ಯಾರ ಕಡೆಗೆ ಸರಿಸಬೇಕೆಂದು ಮೆಲುದನಿಯಲ್ಲಿ ಹೊಸದಾಗಿ ಶುರುಮಾಡಿದ್ದರು.

ಮುಂದಿನ ದೃಶ್ಯಕ್ಕೆ ಎಲ್ಲರನ್ನೂ ಕೂಗುತ್ತ ರೋಂಗುರ್ ಬಾಗಿಲಲ್ಲಿ ತಲೆ ಹಾಕಿದ. ತಾಲಿತಾಳೂ ಬಂದಳು. ಮರ್ಸುದಿ ಎರಡೂ ತೋಳುಗಳನ್ನು, ಕಿರೀಟ ತೊಡಿಸಿಕೊಳ್ಳುವವರ ಗತ್ತಿನಲ್ಲಿ, ಅತ್ತಿತ್ತ ಚಾಚಿದರು.

"ಇಳಿಯೋದು ನನ್ನ ಕೆಲ್ಸ. ಎಬ್ಬಿಸೋದು ನಿಮ್ದು."

ಒಂದು ತೋಳನ್ನು ತಾಲಿತಾ ಹಿಡಿದಳು, ಇನ್ನೊಂದನ್ನು ಪಲುಪಿ. ಮುದುಕರು ನೋಡಲು ತೆಳ್ಳಗಿದ್ದರೂ ಒಳ್ಳೆಯ ಭಾರವಿದ್ದರು. ಇಬ್ಬರೂ ಉಸಿರು ಬಿಗಿಹಿಡಿದು ಎತ್ತಿ ನಿಲ್ಲಿಸಿದ ಮೇಲೂ, ಪಲುಪಿ ಹಿಡಿದ ತೋಳನ್ನು ಒಡನೆಯೇ ಬಿಡಲಿಲ್ಲ.